ಪ್ರಯೋಗಾಲಯದ ಬೀಗಕ್ಕೆ ಒಬ್ಬ ತಾಯಿಯ ಬಿನ್ನಹ

ಮಾನ್ಯ ಬೀಗದವರೇ,

ಶಾಲೆಯ ವಿಜ್ಞಾನ ಪ್ರಯೋಗಾಲಯದ ಬಾಗಿಲಿಗೆ ಹಗಲಿರುಳೂ ಜೋತುಬಿದ್ದು, ಒಂದು ದಿನವೂ ರಜೆ ಕೇಳದೆ ಸೇವೆ ಸಲ್ಲಿಸುತ್ತಿರುವ ತಮಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಾಯಿಯ ಅನಂತ ನಮಸ್ಕಾರಗಳು. ನಾನು ಅರ್ಧಕ್ಕೇ ಶಾಲೆ ಬಿಟ್ಟವಳು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸು ಓಡಿಬರುವವಳು. ಬರಹದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ತಮ್ಮ ಬೆನ್ನ ಹಿಂದೆ ಗಾಜಿನ ಕೊಳವೆ, ಸೀಸೆಗಳೆಲ್ಲ ಭದ್ರವಾಗಿವೆಯಂತೆ. ಮಕ್ಕಳ ಕೈ ತಾಗಿ ಒಡೆದುಹೋದರೆ ಇನ್‌ಸ್ಪೆಕ್ಟರಿಗೆ ತೋರಿಸುವುದೇನನ್ನು? ಆದ್ದರಿಂದ ಮೇಷ್ಟ್ರು ಆಸಿಡ್ಡು ಗೀಸಿಡ್ಡನ್ನೆಲ್ಲ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲೇ ಬೆರೆಸುತ್ತಾರೆ. "ಲಿಟ್ಮಸ್ ಕಾಗದ ಕೆಂಪಾಯ್ತು ಅಂತ ಬರ್ಕೊಳ್ರೋ" ಎನ್ನುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ, ಕಾಗದ ಕೆಂಪಾಗುತ್ತದೆ. ಹೊಗೆಯಿಲ್ಲ, ವಾಸನೆಯಿಲ್ಲ. ನನ್ನಂಥ ಪುಕ್ಕಲಿಗೆ ಇದಕ್ಕಿಂತ ನೆಮ್ಮದಿಯ ವಿಜ್ಞಾನ ಇನ್ನೆಲ್ಲಿ ಸಿಕ್ಕೀತು?

ಕಳೆದ ಭಾನುವಾರ ನನ್ನ ಸೊಂಟನೋವು ನೋಡಲಾರದೆ ಮಗಳೇ ಬಚ್ಚಲುಮನೆ ತೊಳೆಯಲು ಹೋದಳು. ಕಲೆ ಬೇಗ ಹೋಗಲೆಂದು ಆಸಿಡ್ ಸುರಿದು, ಅದರ ಮೇಲೆ ಬ್ಲೀಚಿಂಗ್ ಪುಡಿ ಚೆಲ್ಲಿದಳಂತೆ. ಮನೆಗೆ ಬಂದಿದ್ದ ನನ್ನಣ್ಣ ಬಾಗಿಲು ಒದ್ದು ಅವಳನ್ನು ಎಳೆದು ತಂದಾಗ ಉಸಿರಿಗೆ ಒದ್ದಾಡುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸಮ್ಮ "ಯಾವ ಕ್ಲಾಸೇ ನೀನು? ಅವೆರಡೂ ಸೇರಿದ್ರೆ ಎಂಥ ಗಾಳಿ ಬರುತ್ತೆ ಅಂತ ಹೇಳ್ಕೊಟ್ಟಿಲ್ವಾ ನಿಂಗೆ?" ಎಂದು ಗದರಿದ್ದಕ್ಕೆ, ಮಾಸ್ಕ್ ಸರಿಸಿ, ಕೆಮ್ಮುತ್ತಲೇ ಪಾಠ ಒಪ್ಪಿಸಿದಳು: "ಕ್ಲೋರಿನ್. ಹಳದಿ ಮಿಶ್ರಿತ ಹಸಿರು ಬಣ್ಣ, ಘಾಟು ವಾಸನೆ, ವಿಷಕಾರಿ." ಒಂದಕ್ಷರ ತಪ್ಪಲಿಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಪೂರ್ತಿ ಅಂಕ ತೆಗೆದವಳು. ಅದು ಬೋರ್ಡಿನಿಂದಿಳಿದು ನಮ್ಮ ಬಚ್ಚಲಿಗೂ ಬರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಶ್ವಾಸಕೋಶ ಮೊದಲಿನಂತಾಗುತ್ತದೋ ಇಲ್ಲವೋ, ಕಾದು ನೋಡಬೇಕು ಎಂದಿದ್ದಾರೆ ವೈದ್ಯರು. ನಾನು ಪಕ್ಕದಲ್ಲಿ ಕೂತು ಅವಳ ಉಸಿರನ್ನೇ ಆಲಿಸುತ್ತೇನೆ. ದೂರು ಹೇಳಲು ಹೋದರೆ ಹೆಡ್‌ಮಾಸ್ಟರು "ನಮ್ಮ ಶಾಲೇಲಿ ಇವತ್ತಿನವರೆಗೆ ಒಂದೇ ಒಂದು ಅಪಘಾತ ಆಗಿಲ್ಲ, ಗೊತ್ತೇನಮ್ಮ?" ಎಂದು ಎದೆಯುಬ್ಬಿಸಿದರು. ಹೇಗೆ ಆದೀತು? ಎಲ್ಲವನ್ನೂ ಮನೆಗೇ ಕಳಿಸಿಕೊಡುತ್ತಾರಲ್ಲ!

ಆದಕಾರಣ ತಾವು ದಯಮಾಡಿ ಚಿಲಕದಿಂದಿಳಿದು ತರಗತಿಗೆ ಬಂದು ಪಾಠ ಮಾಡಬೇಕು, ತಮ್ಮ ಜಾಗಕ್ಕೆ ಮೇಷ್ಟ್ರನ್ನು ನೇತುಹಾಕಬೇಕು. ಮಕ್ಕಳನ್ನು ಒಳಗೆ ಬಿಡದಿರುವ ಕೆಲಸ ಅವರಿಗೇನೂ ಹೊಸದಲ್ಲ.

ಉಸಿರು ಬಿಗಿಹಿಡಿದು ಕೂತಿರುವ,
ತಮ್ಮ ವಿಶ್ವಾಸಿ,
ಆ ಹುಡುಗಿಯ ತಾಯಿ

ವಿ.ಸೂ.: ತಮ್ಮ ಮೈಯೆಲ್ಲ ತುಕ್ಕು. ಅದೂ ರಾಸಾಯನಿಕ ಕ್ರಿಯೆಯೇ ಎಂದು ಮಗಳು ಹೇಳಿದಳು. ಆ ಶಾಲೆಯಲ್ಲಿ ಮಕ್ಕಳು ಕಣ್ಣಾರೆ ಕಂಡ ಪ್ರಯೋಗ ಅದೊಂದೇ. ಇನ್‌ಸ್ಪೆಕ್ಟರು ಬರುವ ಮುನ್ನ ಯಾರಾದರೂ ಎಣ್ಣೆ ಹಚ್ಚಲು ಬಂದರೆ ಬಿಡಬೇಡಿ. ಇರುವ ಒಂದು ಪಾಠವೂ ಅರ್ಧಕ್ಕೇ ನಿಂತೀತು.