ಬಲಗಾಲು ಮೊದಲು

ತಲಾಸಿ ಬೆಳಿಗ್ಗೆ ರೊಟ್ಟಿ ತಟ್ಟುತ್ತ ಆಡಿದ್ದು ಒಂದೇ ಮಾತು. "ಕ್ವಾಹು ಕಟ್ಟಿದ ಗೋಡೆ ನೋಡಿದ್ಯಾ? ಎಷ್ಟು ನೆಟ್ಟಗಿದೆ!" ಅಷ್ಟಕ್ಕೇ ಅವಳ ಗಂಡ ಹೊನಾವುವಿಗೆ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡಿತು.

ನೆಟ್ಟಗಿರುವುದು ಗೋಡೆಯೊಂದೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಪಕ್ಕದ ಮನೆಯ ಕ್ವಾಹುವಿನ ಬೆನ್ನೂ ನೆಟ್ಟಗೆ, ಮೂಗೂ ನೆಟ್ಟಗೆ. ಅವನ ಟರ್ಕಿ ಕೋಳಿಯ ಗರಿಯ ಹೊದಿಕೆ ಬೇರೆ ಹೊಸದು. ಹೊನಾವುವಿನದನ್ನು ಇಲಿ ಕಡಿದು, ಗರಿ ಉದುರಿ, ಅದು ಕಾಯಿಲೆ ಬಿದ್ದ ಕೋಳಿಯ ಹಾಗಿತ್ತು.

ಬೆಟ್ಟದ ಮೇಲಿನ ಹೊಲದಲ್ಲಿ ಅವನಿಗೆ ಕೆಲಸ ಓಡಲಿಲ್ಲ. ಜೋಳದ ಬುಡಕ್ಕೆ ಅಗೆಯುವ ಕೋಲು ಹಾಕಿದಾಗಲೆಲ್ಲ ಆ ಮೂಗೇ ಕಂಡಿತು. ಮೂರು ಗಿಡ ಬುಡಮೇಲಾದ ಮೇಲೆ ಕೋಲು ಬಿಸಾಡಿ, ಮಧ್ಯಾಹ್ನಕ್ಕೆ ಮೊದಲೇ ಕೆಳಗಿಳಿದ.

ಬಂಡೆಯ ಗವಿಯೊಳಗಿನ ಆ ಊರಿನಲ್ಲಿ ಮನೆ ಎಂದರೆ ಹೆಂಗಸಿನದು. ಗಂಡನ ಸಾಮಾನು ಬಾಗಿಲಾಚೆ ಬಂತೆಂದರೆ ಸಂಸಾರ ಮುಗಿಯಿತು. ಅವನು ಅದನ್ನೆತ್ತಿಕೊಂಡು ತಾಯಿಯ ಮನೆಗೆ ನಡೆಯಬೇಕು. ಹೊನಾವು ಬಂದಾಗ ಬಾಗಿಲಾಚೆ ಸಾಮಾನಿನ ಗುಡ್ಡೆಯೇ ಇತ್ತು. ಅದರಲ್ಲಿ ಅವನ ಕಣ್ಣಿಗೆ ಬಿದ್ದದ್ದು ತನ್ನ ನಾರಿನ ಮೆಟ್ಟು, ಬಿಲ್ಲು ಮತ್ತು ಆ ಹೊದಿಕೆ ಮಾತ್ರ. ಒಳಗಿನಿಂದ ಕ್ವಾಹುವಿನ ನಗು ಕೇಳಿಸಿತು.

"ಬಂದ್ಯಾ ಮಗಾ?" ಎಂದಳು ಎದುರು ಮಾಳಿಗೆಯ ಮೇಲೆ ಜೋಳ ಬಿಡಿಸುತ್ತಿದ್ದ ಸೋಹು ಅಜ್ಜಿ. "ಅವನು ಬೆಳಿಗ್ಗೆಯಿಂದ ಒಳಗೇ ಇದಾನೆ. ನಾನೇನೂ ನೋಡ್ಲಿಲ್ಲಪ್ಪ. ನಾಲ್ಕು ಸಲ ಬಗ್ಗಿ ನೋಡ್ದೆ, ಬರೀ ಕತ್ತಲೆ."

"ಒಳಗೆ ಹೋಗಿ ಕೇಳ್ಲಾ ಅಜ್ಜಿ?"

"ಕೇಳೋದೇನಿದೆ? ಸಾಮಾನೇ ಹೇಳ್ತಿದೆಯಲ್ಲ. ಮಾನ ಇರೋ ಗಂಡಸು ಸುಮ್ನೆ ಹೊರಟ್ಬಿಡ್ತಾನೆ."

ತನಗೆ ಮಾನ ಸ್ವಲ್ಪ ಹೆಚ್ಚೇ ಇದೆಯೆಂದು ತೋರಿಸಲು ಹೊನಾವು ಸಾಮಾನನ್ನೂ ಮುಟ್ಟದೆ ಹೊರಟ. ತಾಯಿಯ ಮನೆ ಬೆಟ್ಟದಾಚೆಯ ಕಣಿವೆಯಲ್ಲಿ. ಕಡಿದಾದ ಬಂಡೆಯಲ್ಲಿ ಕೊರೆದ ಕಾಲ್ಗುಳಿಗಳನ್ನು ಹಿಡಿದು ಹತ್ತಬೇಕು. ಬಲಗಾಲು ಮೊದಲಿಟ್ಟರೆ ಮೇಲೆ ಮುಟ್ಟುತ್ತೀರಿ. ಎಡಗಾಲಿಟ್ಟರೆ ನಡುವೆ ಕಾಲು ಬದಲಿಸಲಾಗದೆ ಹಲ್ಲಿಯ ಹಾಗೆ ಅಂಟಿಕೊಳ್ಳುತ್ತೀರಿ. ಶತ್ರುಗಳಿಗೆಂದು ಹಿರಿಯರು ಮಾಡಿಟ್ಟ ಉಪಾಯ ಅದು. ದಿನವೂ ಹತ್ತುವ ಹೊನಾವು ಸಿಟ್ಟಿನಲ್ಲಿ ಎಡಗಾಲಿಟ್ಟ.

ಅರ್ಧ ದಾರಿಯಲ್ಲಿ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕೆಳಗೆ ಜನ ಸೇರಿದರು.

"ಪಾಪ, ಹೆಂಡ್ತಿ ಹೊರಗೆ ಹಾಕಿದಾಳೆ," ಎಂದು ಅಜ್ಜಿ ಬಂದವರಿಗೆಲ್ಲ ವರದಿ ಒಪ್ಪಿಸಿದಳು.

ಹೊನಾವುವಿನ ಕಾಲು ಸಿಕ್ಕಿಕೊಂಡಿತ್ತೇ ಹೊರತು ಬಾಯಲ್ಲ. "ಅವಳೇನು ಹಾಕೋದು? ನಾನೇ ಬಿಟ್ಟೆ! ಅವಳ ರೊಟ್ಟಿ ತಿಂದೂ ತಿಂದೂ ಹಲ್ಲು ಸವೆದುಹೋಗಿದೆ. ಅದನ್ನ ಕಾಲಿಗೆ ಕಟ್ಕೊಂಡಿದ್ರೆ ಮೆಟ್ಟೇ ಬೇಕಿರ್ಲಿಲ್ಲ! ಅವಳಮ್ಮನ ಗೊರಕೆಗೆ ಗೋಡೆ ಬಿರುಕು ಬಿಟ್ಟಿದೆ! ಇಬ್ಬರನ್ನೂ ಆ ಕ್ವಾಹುನೇ ಇಟ್ಕೊಳ್ಲಿ!"

ಗವಿ ಒಂದೊಂದು ಮಾತನ್ನೂ ಎರಡೆರಡು ಸಲ ಹೇಳಿತು. ಊರಿನ ಬೀಸುಕಲ್ಲುಗಳೆಲ್ಲ ಸದ್ದು ನಿಲ್ಲಿಸಿ ಕೇಳಿಸಿಕೊಂಡವು.

ಕೊನೆಗೆ ಹತ್ತಿ ಬಂದವನು ಕ್ವಾಹುವೇ. ಹೆಗಲು ಕೊಟ್ಟು ಇಳಿಸಿದ. ಇಳಿಯುವಾಗ ಹೊನಾವು ಅವನ ಮೂಗಿನ ಮೇಲೆ ಕಾಲಿಟ್ಟದ್ದು ತಪ್ಪಿಯೋ ಬೇಕೆಂದೋ ಹೇಳುವುದು ಕಷ್ಟ. ನೆಲ ಮುಟ್ಟಿದ ಮೇಲೆ ನೋಡಿದರೆ, ಕ್ವಾಹುವಿನ ಮೊಣಕೈವರೆಗೂ ಕೆಂಪು ಮಣ್ಣು.

"ಇದೇನೋ ಮಣ್ಣು?"

"ನಿಮ್ಮನೆ ಗೋಡೆದು. ಬಿರುಕಿಗೆ ಕಲ್ಲು ಕೂರಿಸಿದೆ. ಅಮ್ಮ ಮಗಳು ಮಣ್ಣು ಮೆತ್ತಿದ್ರು. ನಿನಗೆ ಹೇಳಿ ಹೇಳಿ ಸಾಕಾಗಿ ನನ್ನ ಕರೆದ್ರಂತೆ. ಅದಕ್ಕೇ ಮನೆ ಸಾಮಾನೆಲ್ಲ ಹೊರಗಿಟ್ಟಿದ್ದು."

ಹೊನಾವುವಿಗೆ ಹೋದ ಜೀವ ಬಂದಂತಾಯಿತು. ಗೋಡೆ ಒಣಗಲೆಂದು ಅಲ್ಲಿ ಇಲ್ಲಿ ಹೊತ್ತು ಕಳೆದು, ಸಂಜೆಯಾಗುವಷ್ಟರಲ್ಲಿ ಹಲ್ಲು ಕಿರಿಯುತ್ತ ಮನೆ ಮುಟ್ಟಿದ. ಮೆಟ್ಟು, ಬಿಲ್ಲು, ಹೊದಿಕೆ ಬಾಗಿಲಾಚೆ ಇನ್ನೂ ಇದ್ದವು. ತಲಾಸಿ ಹೊಸಿಲಲ್ಲಿ ನಿಂತಿದ್ದಳು.

"ಗೋಡೆ ಇನ್ನೂ ಒಣಗಿಲ್ವೇನೇ?"

"ಆಗ್ಲೇ ಒಣಗಿದೆ. ನನ್ನ ಗಡಿಗೆ, ಬುಟ್ಟಿ, ಅಮ್ಮನ ಚಾಪೆ ಎಲ್ಲ ಒಳಗಿಟ್ಟಾಯ್ತು."

ಆಗ ಹೊನಾವು ಸರಿಯಾಗಿ ನೋಡಿದ. ಹೊರಗಿದ್ದದ್ದು ಅವನ ಸಾಮಾನಷ್ಟೇ, ಅದೂ ನಾರಿನ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿದ ಗಂಟು. ತಲಾಸಿ ಅದರ ಮೇಲೆ ಎರಡು ರೊಟ್ಟಿ ಇಟ್ಟಳು.

"ದಾರಿಗಿರ್ಲಿ. ಮೆಟ್ಟು ಸವೆದ್ರೆ ಕಾಲಿಗೆ ಕಟ್ಕೋ."

ಬಾಗಿಲಿಗೆ ಚಾಪೆ ಇಳಿಬಿತ್ತು. ಹೊನಾವು ಗಂಟನ್ನು ಬೆನ್ನಿಗೇರಿಸಿ ಬಂಡೆಯತ್ತ ಹೊರಟ.

"ಬಲಗಾಲು ಮೊದಲು ಕಣೋ ಮಗಾ!" ಎಂದು ಸೋಹು ಅಜ್ಜಿ ಮಾಳಿಗೆಯಿಂದ ಕೂಗಿದಳು.