ಅತ್ತೆಯ ಹಲ್ಲು, ಅಳಿಯನ ಬಾಯಿ

ಊರಿನವರ ಕಣ್ಣನ್ನೆಲ್ಲ ಪರೀಕ್ಷಿಸಿ ಕನ್ನಡಕ ಕೊಡುವ ಮನೆಅಳಿಯ, ಆ ಶನಿವಾರ ಬೆಳಿಗ್ಗೆ ತಾನು ಕೂರುವ ಕುರ್ಚಿಯನ್ನು ಮಾತ್ರ ನೋಡದೆ ಕೂತ. ಕಟಕ್ ಎಂದಿತು. ಟವೆಲ್ಲಿನ ಕೆಳಗಿದ್ದದ್ದು ಅತ್ತೆಯ ಹಲ್ಲಿನ ಸೆಟ್ಟು. ಅತ್ತೆಯ ಬಾಯಲ್ಲಿ ಇಲ್ಲದಾಗಲೂ ಅದು ಅಳಿಯನನ್ನು ಕಚ್ಚದೆ ಬಿಡಲಿಲ್ಲ.

ಎರಡು ಹೋಳನ್ನೂ ಜೋಡಿಸಿ ನೀರಿನ ಲೋಟದಲ್ಲಿಟ್ಟು, ಕಣ್ಣು ಮುಚ್ಚಿ, “ದೇವರೇ, ತಪ್ಪಾಯ್ತು” ಎಂದ. ಅವನು ಪ್ರೊಟೆಸ್ಟೆಂಟ್. ದೇವರ ಹತ್ತಿರ ನೇರವಾಗಿ ಹೇಳಿಕೊಂಡರೆ ಸಾಕು, ನಡುವೆ ಪಾದ್ರಿ ಬೇಡ ಎಂಬುದು ಅವನ ಕಡೆಯವರ ನಂಬಿಕೆ. ಹೆಂಡತಿ, ಅತ್ತೆ, ಮಾವ ಕ್ಯಾಥೊಲಿಕ್. ಅವರು ಚರ್ಚಿಗೆ ಹೋಗಿ, ಜಾಲರಿ ಕಿಟಕಿಯ ಮುಂದೆ ಮೊಣಕಾಲೂರಿ, ಆಚೆ ಕೂತ ಗುರುಗಳಿಗೆ ಪಾಪನಿವೇದನೆ ಮಾಡಿ, ಅವರು ಕೊಟ್ಟ ಪ್ರಾಯಶ್ಚಿತ್ತ ಪೂರೈಸುವವರು. ಗಂಡ ಹೆಂಡಿರ ನಡುವೆ ಮದುವೆಯಾದಂದಿನಿಂದಲೂ ಇದೇ ವಾದ.

“ನಿಮ್ದು ಬಿಡಿ, ಮುಖ ತೊಳೆಯೋಷ್ಟರಲ್ಲಿ ಪಾಪಾನೂ ತೊಳ್ಕೊಂಡುಬಿಡ್ತೀರಿ,” ಎನ್ನುವಳು ಅವಳು.

“ನಿಮ್ದೇನು, ವಾರವಿಡೀ ಕೂಡಿಟ್ಟು ಶನಿವಾರ ಒಗೆಯೋಕೆ ಹಾಕ್ತೀರಿ,” ಎನ್ನುವನು ಇವನು.

ದೇವರು ಕ್ಷಮಿಸಿದನೋ ಏನೋ, ಅಷ್ಟರಲ್ಲಿ ಅತ್ತೆ ಲೋಟಕ್ಕೆ ಕೈ ಹಾಕಿದರು.

“ಯಾಲು ಮುಯಿದ್ದು? ಫತ್ಯ ಹೇಯಿ,” ಎನ್ನುತ್ತ ಹೋಳು ಹಿಡಿದು ನೆಟ್ಟಗೆ ಮಾವನ ಮುಂದೆ ನಿಂತರು. ಬೋಡು ಬಾಯಲ್ಲಿ ಸತ್ಯ ಫತ್ಯವಾಗಿತ್ತು, ಸಿಟ್ಟು ಮಾತ್ರ ಸಿಟ್ಟಾಗಿಯೇ ಉಳಿದಿತ್ತು. ಓದುವವರ ಅನುಕೂಲಕ್ಕೆ ಇನ್ನು ಅವರ ಮಾತಿಗೆ ಹಲ್ಲು ಕಟ್ಟಿಸಿದೆ.

“ನನ್ನ ವಸ್ತು ಹಾಳು ಮಾಡೋರು ಈ ಮನೇಲಿ ಒಬ್ರೇ. ನಲವತ್ತು ವರ್ಷದಲ್ಲಿ ಒಂದು ದಿನ ‘ನನ್ನ ತಪ್ಪು’ ಅಂದಿದ್ದೀರಾ?”

“ಮಾಡದ ತಪ್ಪಿಗೆ ಯಾಕೆ ಅನ್ನಲಿ,” ಎಂದ ಮಾವ ಪೇಪರಿನ ಹಿಂದೆ ಅಡಗಿಕೊಂಡರು.

“ಆಯ್ತು. ಐದು ಗಂಟೆ ಬಸ್ಸಿಗೆ ತಂಗಿ ಮನೆಗೆ ಹೊರಟೆ. ಮತ್ತೆ ಬರಲ್ಲ.” ಸೂಟ್‌ಕೇಸು ದಢಾರನೆ ಮಂಚದ ಮೇಲೆ ಬಿತ್ತು.

‘ನಾನು’ ಎಂಬ ಮಾತು ಅಳಿಯನ ತುಟಿಯವರೆಗೆ ಬಂದು, ಅತ್ತೆಯ ಮುಖ ನೋಡಿ, ಬಂದ ದಾರಿಯಲ್ಲೇ ವಾಪಸಾಯಿತು. ತನ್ನ ಕನ್ನಡಕದ ಅಂಗಡಿಗೆ ಓಡಿದ. ಗೋಡೆಯ ಮೇಲಿನ ಅಕ್ಷರದ ಪಟ್ಟಿ ಹಲ್ಲಿನ ಸಾಲಿನಂತೆ ಕಂಡಿತು. ಮಾವ ನಿರಪರಾಧಿ; ನಲವತ್ತು ವರ್ಷದ ಸಂಸಾರ ತನ್ನ ಕೆಳಗೆ ಕಟಕ್ ಎನ್ನುತ್ತಿದೆ. ಮಧ್ಯಾಹ್ನ ಬಾಗಿಲು ಎಳೆದು ತನ್ನ ಪಾಸ್ಟರ ಮನೆಗೆ ಹೋದ.

“ದೇವರ ಹತ್ರ ಹೇಳಿದ್ಯಾ?”

“ಹೇಳಿದೆ ಪಾಸ್ಟರೇ.”

“ಹಾಗಾದ್ರೆ ಕ್ಷಮೆ ಸಿಕ್ಕಿದೆ. ಅದು ನಾನು ಕೊಡೋದೂ ಅಲ್ಲ, ನೀನು ದುಡಿದು ತಗೊಳ್ಳೋದೂ ಅಲ್ಲ.” ಅಳಿಯ ಖುಷಿಯಿಂದ ಎದ್ದ. “ಕೂತ್ಕೋ. ಕ್ಷಮೆ ಸಿಕ್ಕಿದವನು ಬಚ್ಚಿಟ್ಕೊಳ್ಳೋದು ಯಾಕಪ್ಪ? ಅತ್ತೆ ಮುಂದೆ ನಿಂತು ಹೇಳು, ಹೋಗು.”

ಇದು ತುಟ್ಟಿಯಾಯಿತು. ಆಚೆ ಕಡೆಯವರು ನಾಲ್ಕು ಪ್ರಾರ್ಥನೆ ಹೇಳಿಸಿ ಬಿಟ್ಟುಬಿಡಬಹುದು ಎಂದುಕೊಂಡು ಹೆಂಡತಿಯ ಚರ್ಚಿಗೆ ಹೋದ. ಸಾಲು ಉದ್ದವಿತ್ತು. ಸರದಿ ಬಂದಾಗ ನಾಲ್ಕೂಕಾಲು.

“ಫಾದರ್, ನಾನು ಆ ಕಡೆ ಸಭೆಯವನು.”

“ಗೊತ್ತಾಯ್ತು. ನಮ್ಮವರು ಗೋಡೆ ಕಡೆ ತಿರುಗಿ ಮೊಣಕಾಲೂರಲ್ಲ,” ಎಂದಿತು ಜಾಲರಿಯಾಚೆಯ ದನಿ. “ನಿಮಗೆ ಪಾಪನಿವೇದನೆಯ ಸಂಸ್ಕಾರ ಕೊಡೋ ಹಾಗಿಲ್ಲ. ಕಿವಿ ಕೊಡ್ತೀನಿ. ಹೇಳಿದ್ದು ಇಲ್ಲೇ ಉಳಿಯುತ್ತೆ.”

ಅಳಿಯ ಎಲ್ಲವನ್ನೂ ಹೇಳಿದ. “ಐವತ್ತು ಪ್ರಾರ್ಥನೆ ಕೊಟ್ಟುಬಿಡಿ ಫಾದರ್. ನೂರಾದ್ರೂ ಸರಿ.”

“ನಮ್ಮವರೇ ಆಗಿದ್ರೂ ಅಷ್ಟಕ್ಕೇ ಬಿಡ್ತಿರಲಿಲ್ಲ. ನಿಮ್ಮಿಂದ ಒಬ್ಬರ ತಲೆ ಮೇಲೆ ಸುಳ್ಳು ಆಪಾದನೆ ಕೂತಿದೆ, ಅದನ್ನ ಇಳಿಸಬೇಕು. ಐದಕ್ಕೆ ಬಸ್ಸು ಅಂದ್ರಲ್ಲ? ಏಳಿ.”

ಐನೂರು ವರ್ಷಗಳ ಹಿಂದೆ ಕವಲೊಡೆದ ಎರಡು ದಾರಿಗಳು ಅತ್ತೆಯ ಕೋಣೆಯ ಬಾಗಿಲಲ್ಲಿ ಬಂದು ಸೇರಿದ್ದು ನೋಡಿ ಅಳಿಯನಿಗೆ ಇಬ್ಬರ ಮೇಲೂ ಭಕ್ತಿ ಉಕ್ಕಿತು. ಓಡುತ್ತಿದ್ದುದರಿಂದ ಉಸಿರೂ ಉಕ್ಕುತ್ತಿತ್ತು.

ಮನೆಯಲ್ಲಿ ಸೂಟ್‌ಕೇಸು ಖಾಲಿಯಾಗಿತ್ತು. ಅತ್ತೆ ಮೇಜಿನ ಮುಂದೆ ಕೂತಿದ್ದರು. ಮಾವ ಅವರ ಸೂಪನ್ನು ಉಫ್ ಉಫ್ ಎಂದು ಊದಿ ಆರಿಸುತ್ತಿದ್ದರು. ಅಳಿಯನನ್ನು ಕಂಡದ್ದೇ ಅವನ ತೋಳು ಹಿಡಿದು ಮೆಟ್ಟಿಲ ಕಡೆ ಎಳೆದರು.

“ನಾನೇ ಮುರಿದೆ, ತಪ್ಪಾಯ್ತು ಅಂದ್ಬಿಟ್ಟೆ ಅಳಿಯಂದ್ರೇ.”

“ನೀವಾ ಮಾವ?”

“ನಾನೆಲ್ಲಿ ಮುರಿದೆ. ನನ್ನ ನಿಜವಾದ ತಪ್ಪುಗಳನ್ನೆಲ್ಲ ನಲವತ್ತು ವರ್ಷದಿಂದ ಫಾದರ್‌ಗೆ ಹೇಳ್ತಾ ಬಂದೆ, ಇವಳ ಮುಂದೆ ಮಾತ್ರ ಬಾಯಿ ಬರ್ತಿರಲಿಲ್ಲ. ಯಾರದೋ ತಪ್ಪು ನೋಡಿ, ಸಲೀಸಾಗಿ ಬಂತು. ಅದರ ಬೆನ್ನಿಗೆ ನಂದೂ ನಾಲ್ಕು ಬಂದ್ವು. ಅವಳು ಅತ್ತಳು. ನಾನೂ ಅತ್ತೆ. ಇದು ನಮ್ಮಿಬ್ಬರಲ್ಲೇ ಇರಲಿ.”

ಬೇರೆಯವರ ತಪ್ಪು ಹೊತ್ತ ಮುದುಕನ ಮುಖ ಮದುಮಗನ ಮುಖದಂತೆ ಬೆಳಗುತ್ತಿತ್ತು. ಅಳಿಯನಿಗೆ ಕಾಲಿಗೆ ಬೀಳೋಣ ಎನಿಸಿತು. ಆದರೆ ಬಿದ್ದರೆ ಯಾಕೆ ಎಂದು ಕೇಳುತ್ತಾರೆ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅತ್ತೆ ಕರೆದರು. “ನೀವು ಕೂತಿದ್ದು ಬಾಗಿಲ ಸಂದಿಯಿಂದ ನೋಡ್ದೆ.”

ಅಳಿಯ ಸಿಂಕನ್ನು ಹಿಡಿದುಕೊಂಡ. “ಮತ್ತೆ ಮಾವನ ಮೇಲೆ ಯಾಕೆ ಅತ್ತೆ…”

“ಅದು ನನ್ನ ಪಾಪ. ಆ ಮನುಷ್ಯನ ಬಾಯಿಂದ ಒಂದು ‘ತಪ್ಪಾಯ್ತು’ ಕೇಳೋಣ ಅಂತ ಹಲ್ಲು ಉದುರೋವರೆಗೆ ಕಾದೆ. ಇವತ್ತು ನೆಪ ಸಿಕ್ತು, ಆಸೆಗೆ ಬಿದ್ದೆ. ಗುರುಗಳ ಹತ್ರ ಹೇಳ್ಕೋತೀನಿ, ನಿಮ್ಮ ಮಾವನಿಗೆ ನಾನೇ ಹೇಳೋವರೆಗೆ ನೀವು ಬಾಯಿ ಬಿಡಬೇಡಿ. ನಿಮ್ಮನ್ನ ಆಗಲೇ ಕ್ಷಮಿಸಿಯಾಯ್ತು, ಮುಖ ಹಾಗೆ ಮಾಡ್ಕೋಬೇಡಿ.”

ಕ್ಷಮೆ ಕೇಳಲು ಬಂದವನು ಕೇಳುವ ಮೊದಲೇ ಕ್ಷಮೆ ಪಡೆದು, ಜೊತೆಗೆ ಎರಡು ಗುಟ್ಟು ಹೊತ್ತು ತನ್ನ ಕೋಣೆಗೆ ಬಂದು ಕೂತ. ಈ ಸಲ ಕುರ್ಚಿ ತಡವಿ ನೋಡಿಯೇ ಕೂತ. ಹೆಂಡತಿ ಬಂದು ಬಾಗಿಲು ಮುಚ್ಚಿ ಮಂಚದ ಮೇಲೆ ಕೂತಳು.

“ರೀ, ಯಾರಿಗೂ ಹೇಳ್ಬೇಡಿ. ಸೆಟ್ಟು ತೊಳೆದು ಕುರ್ಚಿ ಮೇಲೆ ಇಟ್ಟು ಟವೆಲ್ ಮುಚ್ಚಿದ್ದು ನಾನು. ಪಾಪ ಅಪ್ಪ ನೋಡದೆ ಕೂತ್ಬಿಟ್ಟಿದ್ದಾರೆ. ಬೆಳಿಗ್ಗೆಯಿಂದ ಈ ಭಾರ ಹೊತ್ಕೊಂಡೇ ಓಡಾಡಿದೆ.”

ಕೂತದ್ದು ನಾನು ಎಂದರೆ ಮಾವನ ಗುಟ್ಟು ರಟ್ಟು. ಮಾವನದು ರಟ್ಟಾದರೆ ಅತ್ತೆಯದೂ ರಟ್ಟು. ಅಳಿಯ ಅವಳ ಕೈಗೆ ಟವೆಲ್ ಕೊಟ್ಟ.

“ಅಬ್ಬಾ, ಎಷ್ಟು ಹಗುರಾಯ್ತು ಗೊತ್ತಾ,” ಎಂದು ಅವಳು ಕಣ್ಣೊರೆಸಿಕೊಂಡು ಎದ್ದಳು. “ನೀವೂ ಒಂದ್ಸಲ ಯಾರ ಹತ್ರಾನಾದ್ರೂ ಎಲ್ಲ ಹೇಳ್ಕೊಂಡು ನೋಡಿ.”