ಬಿವೆನ್ಸ್ ಮನೆಯ ಕಿಟಕಿ

ಲೂಷಿಯಸ್ ಬಿವೆನ್ಸ್ ಆಸ್ಪತ್ರೆಯಲ್ಲಿ ಹನ್ನೆರಡು ಗಂಟೆ ದುಡಿದು ಶನಿವಾರ ಬೆಳಿಗ್ಗೆ ಮನೆಗೆ ಬಂದಾಗ ಬಾಗಿಲ ಕೀಲಿಕೈ ಒಳಗಿತ್ತು, ಅವನು ಹೊರಗಿದ್ದ. ನಡೆದದ್ದು ಇಷ್ಟೇ. ಹೆಂಡತಿ ತವರಿಗೆ ಹೋಗಿದ್ದಳು. ಬೀಗ ತೆಗೆಯುವವನಿಗೆ ಫೋನು ಮಾಡಿದರೆ ಮಧ್ಯಾಹ್ನದವರೆಗೆ ಬಿಡುವಿಲ್ಲ ಎಂದ. ಬಿವೆನ್ಸ್ ಹಿತ್ತಲಿನ ಗ್ಯಾರೇಜಿನಿಂದ ಕಬ್ಬಿಣದ ಮೀಟುಗೋಲೊಂದನ್ನು ತಂದು ತನ್ನದೇ ಮನೆಯ ಅಡುಗೆಕೋಣೆಯ ಕಿಟಕಿಯನ್ನು ಮೀಟತೊಡಗಿದ.

ಎದುರು ಸಾಲಿನ ಮಾರ್ಲಿಸ್ ಕ್ವಾಮ್ ಇದನ್ನು ಪರದೆಯ ಸಂದಿನಿಂದ ನೋಡಿದರು. ಆಕೆಗೆ ಎಪ್ಪತ್ತೆರಡು ವರ್ಷ. ಕಣ್ಣು ಮಾತ್ರ ಹದ್ದಿನದು. ಕೂಡಲೇ ಪಕ್ಕದ ಮನೆಯ ಆಲ್ಡೆನ್ ಫೆಲ್‌ಸ್ಟಡ್‌ಗೆ ಫೋನು ಹಚ್ಚಿದರು.

"ಆಲ್ಡೆನ್, ಯಾವನೋ ಒಬ್ಬ ಕಪ್ಪಗಿರೋನು ಕಿಟಕಿ ಒಡೀತಿದ್ದಾನೆ ಕಣ್ರೀ. ಪ್ರತಿಜ್ಞೆ ಮಾಡಿದ್ದೀನಲ್ಲ ಅಂತ ಮೊದಲು ನಿಮಗೆ ಹೇಳ್ತಿದ್ದೀನಿ. ಆದ್ರೆ ಪೊಲೀಸರಿಗೆ ಅಂತ ಇನ್ನೊಂದು ಫೋನಲ್ಲಿ ಒಂಬತ್ತು ಒತ್ತಿ ಇಟ್ಕೊಂಡಿದ್ದೀನಿ. ಎರಡು ಸಲ ಒಂದು ಒತ್ತೋದು ಬಾಕಿ."

"ಒತ್ತಬೇಡಿ!" ಎಂದು ಆಲ್ಡೆನ್ ಕೂಗಿದ. "ನಾನು ಬಂದೆ!"

ಈ ಪ್ರತಿಜ್ಞೆಯನ್ನು ಬರೆದವನೇ ಆಲ್ಡೆನ್. ಪೊಲೀಸರ ಕೈಯಲ್ಲಿ ಒಬ್ಬ ಕಪ್ಪು ಮನುಷ್ಯ ಸತ್ತು ಊರಿಗೆ ಊರೇ ಬೀದಿಗಿಳಿದ ಆ ಬೇಸಿಗೆಯಲ್ಲಿ, ಪ್ರೌಢಶಾಲೆಯ ಗ್ರಂಥಪಾಲಕನಾಗಿದ್ದ ಆಲ್ಡೆನ್ ಎಲ್ಲ ಬಿಳಿಯರಂತೆ ಮೊದಲು ಅತ್ತ. ಆಮೇಲೆ ವರ್ಣಭೇದದ ಬಗ್ಗೆ ಎಂಟು ಪುಸ್ತಕ ಓದಿದ, ಬೀದಿಯವರನ್ನೂ ಕರೆದುಕೊಂಡು ಅದರ ವಿರುದ್ಧದ ಮೂರು ಶಿಬಿರಗಳಿಗೆ ಹೋಗಿ ಬಂದ, ಕಪ್ಪು ಜೀವಗಳೂ ಮುಖ್ಯ ಎಂದು ಅಂಗಳದಲ್ಲಿ ಫಲಕ ನೆಟ್ಟ. ಮಿನೆಸೋಟದ ಚಳಿಗೆ ಫಲಕದ ಬಣ್ಣ ಹೋಯಿತೇ ಹೊರತು ಆಲ್ಡೆನ್‌ನ ಉತ್ಸಾಹ ಹೋಗಲಿಲ್ಲ. ತನ್ನ ಮನೆಯೂ ಸೇರಿ ಬೀದಿಯ ಹನ್ನೊಂದು ಬಿಳಿಯರ ಮನೆಗಳಿಂದಲೂ ಸಹಿ ಹಾಕಿಸಿಕೊಂಡ: ಏನೇ ಆದರೂ ಪೊಲೀಸರನ್ನು ಕರೆಯಕೂಡದು, ಆಲ್ಡೆನ್‌ನನ್ನು ಕರೆಯಬೇಕು. ಎರಡು ವರ್ಷದಲ್ಲಿ ಅವನನ್ನು ಕರೆದದ್ದು ಮೂರೇ ಸಲ. ಎರಡು ಸಲ ಬೊಗಳುವ ನಾಯಿಗೆ, ಒಂದು ಸಲ ಮರ ಹತ್ತಿದ ಬೆಕ್ಕಿಗೆ. ಬೆಕ್ಕು ತಾನಾಗಿಯೇ ಇಳಿದಿತ್ತು.

ಇಂದು ನಿಜವಾದ ಕೆಲಸ ಬಂದಿತ್ತು. ಆಲ್ಡೆನ್ ಮನೆಯೊಳಗಿನ ಚಪ್ಪಲಿಯಲ್ಲೇ ರಸ್ತೆ ದಾಟಿದ. ಹತ್ತಿರ ಹೋಗಿ ನೋಡಿದರೆ ಬಿವೆನ್ಸ್!

"ಓ, ನೀವಾ ಲೂಷಿಯಸ್!"

"ನಾನೇ. ಕೀಲಿಕೈ ಒಳಗುಳೀತು."

"ಹೆದರ್ಕೋಬೇಡಿ, ನಾನಿದ್ದೀನಿ."

"ನಾನು ಹೆದರಿಲ್ಲ ಆಲ್ಡೆನ್. ನಿದ್ದೆ ಬರ್ತಿದೆ, ಅಷ್ಟೇ."

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಲ್ಡೆನ್‌ಗೆ ಬೇರೆ ದಿಗಿಲು ಹತ್ತಿತು: ಉಳಿದವರು ನೋಡಿ ಅಪಾರ್ಥ ಮಾಡಿಕೊಂಡರೆ? ಅವನು ಫೋನು ತೆಗೆದು ಬೀದಿಯ ಎಲ್ಲರಿಗೂ ಒಂದು ಸಂದೇಶ ಕಳಿಸಿದ: "ಬಿವೆನ್ಸ್ ಮನೆಯ ಕಿಟಕಿಯನ್ನು ಒಬ್ಬ ಕಪ್ಪು ಮನುಷ್ಯ ಮೀಟುತ್ತಿದ್ದಾನೆ. ಅವನು ಬಿವೆನ್ಸೇ. ದಯವಿಟ್ಟು ಯಾರೂ ಪೊಲೀಸರನ್ನು ಕರೆಯಬೇಡಿ."

ಅಲ್ಲಿಯತನಕ ಬೀದಿಯಲ್ಲಿ ಯಾರಿಗೂ ಸುದ್ದಿಯೇ ಗೊತ್ತಿರಲಿಲ್ಲ. ಐದು ನಿಮಿಷದಲ್ಲಿ ಬಿವೆನ್ಸ್‌ನ ಅಂಗಳ ತುಂಬಿತು. ನಿವೃತ್ತ ಪಾದ್ರಿ ಹಾಲ್ವರ್ ಮಡಚುವ ಕುರ್ಚಿ ಹಿಡಿದು ಬಂದರು. ಮೂಲೆಮನೆಯ ಜಾನೀನ್ ಶಿಬಿರದಲ್ಲಿ ಕೊಟ್ಟ ಕಿತ್ತಳೆ ಬಣ್ಣದ ಅಂಗಿಗಳನ್ನು ತಂದು ಎಲ್ಲರಿಗೂ ಹಂಚಿದಳು. ಪೊಲೀಸರು ಬಂದರೆ ಚಿತ್ರ ತೆಗೆಯಲೆಂದು ಹತ್ತು ಜನ ಫೋನು ಎತ್ತಿ ಹಿಡಿದು, ಬಿವೆನ್ಸ್‌ಗೆ ಬೆನ್ನು ಹಾಕಿ ರಸ್ತೆಯ ಕಡೆ ಮುಖ ಮಾಡಿ ಸಾಲಾಗಿ ನಿಂತರು. ರಸ್ತೆಯಲ್ಲಿ ಒಂದು ಅಳಿಲು ಹೋಯಿತು.

"ನೋಡಿ," ಎಂದ ಬಿವೆನ್ಸ್, "ಇದು ನನ್ನ ಮನೆ. ಹದಿನೈದು ನಿಮಿಷದಲ್ಲಿ ಕಿಟಕಿ ತೆಗೆದು ಒಳಗೆ ಹೋಗಿ ಮಲಗ್ತೀನಿ. ನೀವೆಲ್ಲ ದಯವಿಟ್ಟು ಮನೆಗೆ ಹೋಗಿ."

"ನಮ್ಮೆದುರು ಧೈರ್ಯ ತೋರಿಸಬೇಕಾಗಿಲ್ಲ ಲೂಷಿಯಸ್," ಎಂದಳು ಜಾನೀನ್, ಕಣ್ಣಲ್ಲಿ ನೀರು ತಂದುಕೊಂಡು. "ನಿಮ್ಮ ನೋವು ನಮಗೆ ಅರ್ಥ ಆಗುತ್ತೆ."

"ನನ್ನ ನೋವು ಕಾಲಿಂದು ಕಣಮ್ಮ. ರಾತ್ರಿಯಿಂದ ನಿಂತೇ ಇದ್ದೀನಿ."

ಪಾದ್ರಿಗಳು ಥಟ್ಟನೆ ಎದ್ದು ತಮ್ಮ ಕುರ್ಚಿ ನೀಡಿದರು. ಬಿವೆನ್ಸ್ ಕೂರಲಿಲ್ಲ.

ಕಿಟಕಿ ಮೇಲಕ್ಕೆ ಸರಿಸುವ ಹಳೆಯ ಕಾಲದ್ದು. ಅಂತೂ ಒಂದು ಮೊಳ ಎದ್ದಿತು. ಬಿವೆನ್ಸ್ ಕಾಲೆತ್ತಿ ಇಡಬೇಕು ಅನ್ನುವಷ್ಟರಲ್ಲಿ ಆಲ್ಡೆನ್ ಅಡ್ಡ ಬಂದ.

"ಬೇಡ, ಬೇಡ! ನೀವು ಹತ್ತಕೂಡದು. ರಸ್ತೇಲಿ ಹೋಗೋ ಯಾರೋ ನೋಡಿದ್ರೆ? ನಾನು ಹತ್ತೀನಿ. ಬಿಳಿಯ ಮನುಷ್ಯ ಕಿಟಕಿ ಹತ್ತಿದ್ರೆ ಯಾರೂ ಏನೂ ಅಂದ್ಕೊಳಲ್ಲ."

ಬಿವೆನ್ಸ್ ಅವನನ್ನು ಒಂದು ಗಳಿಗೆ ನೋಡಿದ. "ಅದು ಮಾತ್ರ ನಿಜ," ಎಂದ. ವಾದ ಮಾಡುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಆಲ್ಡೆನ್‌ಗೆ ಅರವತ್ತೊಂದು ವರ್ಷ. ಹೊಟ್ಟೆಗೂ ಅಷ್ಟೇ ವರ್ಷದ ಅನುಭವ. ತಲೆ ಹೋಯಿತು, ಭುಜ ಹೋಯಿತು, ಹೊಟ್ಟೆ ಮಾತ್ರ ಸೀಸೆಗೆ ಬಡಿದ ಬಿರಡೆಯ ಹಾಗೆ ನಿಂತಿತು. ಅಷ್ಟರಲ್ಲಿ ಮೇಲಿನ ಚೌಕಟ್ಟು ಜಾರಿ ದಬ್ಬೆಂದು ಬೆನ್ನ ಮೇಲೆ ಬಿತ್ತು. ಮುಖ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ, ನೆನೆಹಾಕಿದ ಬಾಣಲೆಯ ಪಕ್ಕ. ಕಾಲು ಹೊರಗೆ ಗಾಳಿಯಲ್ಲಿ. ಸೊಂಟದ ಹತ್ತಿರ ಏನೋ ಗಟ್ಟಿಯಾಗಿ ಒತ್ತುತ್ತಿತ್ತು.

"ಅಯ್ಯಯ್ಯೋ! ಬಿಡಿಸ್ರೀ! ಸತ್ತೆ!"

ಅಂಗಳದಲ್ಲಿ ಗದ್ದಲವೆದ್ದಿತು.

"ಕಾಲು ಹಿಡೀರಿ! ಎಳೀರಿ!"

"ಎಳೀಬೇಡ್ರೀ, ಬೆನ್ನು ಮುರಿಯುತ್ತೆ! ಒಳಗೆ ತಳ್ಳಿ!"

"ಆ ಕಬ್ಬಿಣ ತನ್ನಿ ಇಲ್ಲಿ!"

ಕೊನೆಗೆ ಬಿವೆನ್ಸ್ ಎಲ್ಲರನ್ನೂ ಸರಿಸಿ, ಒಂದು ತೋಳಿನಲ್ಲಿ ಆಲ್ಡೆನ್‌ನ ಎರಡೂ ಕಾಲು ತಬ್ಬಿ ಹಿಡಿದು, ಇನ್ನೊಂದು ಕೈಯಿಂದ ಮೀಟುಗೋಲು ಹಾಕಿ ಚೌಕಟ್ಟನ್ನು ಎತ್ತತೊಡಗಿದ. "ಅಲ್ಲಾಡಬೇಡಿ. ಉಸಿರು ಬಿಡಿ ಆಲ್ಡೆನ್, ನಿಧಾನಕ್ಕೆ ಉಸಿರು ಬಿಡಿ," ಎನ್ನುತ್ತಿದ್ದ, ರೋಗಿಗಳಿಗೆ ಹೇಳುವ ದನಿಯಲ್ಲಿ.

ಆಗ ಟೈರು ಕಿರ್ರೆಂದಿತು. ಒಂದಲ್ಲ, ಎರಡಲ್ಲ, ಮೂರು ಕಾರು.

ಮುಂದಿನದನ್ನು ಆಲ್ಡೆನ್ ನೋಡಲಿಲ್ಲ. ತೊಟ್ಟಿಯಲ್ಲಿ ಮುಖವಿಟ್ಟು ಕೇಳಿಸಿಕೊಂಡ.

"ಕೈಯಲ್ಲಿರೋದನ್ನ ಕೆಳಗೆ ಹಾಕು! ಹಾಕು ಕೆಳಗೆ! ಮಂಡಿಯೂರು!"

ಕಬ್ಬಿಣ ಕಲ್ಲಿನ ಮೇಲೆ ಬಿದ್ದ ಸದ್ದು. ಆಮೇಲೆ ಬಿವೆನ್ಸ್‌ನ ದನಿ, ಒಂದೊಂದೇ ಮಾತು ಬಿಡಿಸಿಟ್ಟಂತೆ: "ನಾನು ಈ ಮನೆ ಯಜಮಾನ. ಗುರುತಿನ ಚೀಟಿ ಬಲಗಡೆ ಜೇಬಲ್ಲಿದೆ. ನಾನು ಅದಕ್ಕೆ ಕೈ ಹಾಕ್ತಾ ಇಲ್ಲ. ನನ್ನ ಎರಡೂ ಕೈ ಮೇಲಿದೆ, ನೋಡಿ. ನಾನು ಕೈ ಹಾಕ್ತಾ ಇಲ್ಲ."

ಆಲ್ಡೆನ್ ಕಿವಿಗೊಟ್ಟ. ಈಗ ಜಾನೀನ್ ಮಾತಾಡುತ್ತಾಳೆ. ಈಗ ಪಾದ್ರಿಗಳು ಮುಂದೆ ಬಂದು ನಿಲ್ಲುತ್ತಾರೆ. ಮೂರು ಶಿಬಿರಗಳಲ್ಲಿ ಅವರೆಲ್ಲ ಕಲಿತದ್ದು ಇದೇ ಗಳಿಗೆಗಾಗಿ. ಹೊರಗೆ ಒಬ್ಬರೂ ಉಸಿರೆತ್ತಲಿಲ್ಲ. "ಅವರು ಮನೆಯವರು, ಬಿಡಿ ಅವರನ್ನ!" ಎಂದು ಆಲ್ಡೆನ್ ತಾನೇ ಕಿರುಚಿದ. ತೊಟ್ಟಿಯೊಳಗೆ ಗುಂಯ್‌ಗುಟ್ಟಿದ ಆ ಮಾತು ಹೊರಗಿನವರಿಗೆ ನರಳಾಟವಾಗಿ ಕೇಳಿಸಿತು.

"ಒಳಗಿರೋರಿಗೆ ಏಟು ಬಿದ್ದಿದೆ!" ಎಂದಿತು ಯಾವುದೋ ದನಿ. ಕೈಕೋಳ ಕ್ಲಿಕ್ ಎಂದಿತು.

ಆಲ್ಡೆನ್‌ನನ್ನು ಇಬ್ಬರು ಪೊಲೀಸರು ಬಾಣಂತಿಯನ್ನು ಎತ್ತುವಂತೆ ಜೋಪಾನವಾಗಿ ಹೊರಗೆಳೆದರು. ಒಬ್ಬ ಕಂಬಳಿ ಹೊದಿಸಿದ. ಇನ್ನೊಬ್ಬ ನೀರು ಕೊಟ್ಟ. "ಸಾರ್, ಅವನು ನಿಮಗೆ ಹೊಡೆದನಾ?"

"ಅವರು ನನ್ನ ಜೀವ ಉಳಿಸ್ತಿದ್ರು! ಅದು ಅವರ ಮನೆ!"

ಬಿವೆನ್ಸ್ ತನ್ನದೇ ಹುಲ್ಲಿನ ಮೇಲೆ, ಆಸ್ಪತ್ರೆಯ ನೀಲಿ ಬಟ್ಟೆಯಲ್ಲಿ ಮಂಡಿಯೂರಿದ್ದ. ಗುರುತಿನ ಚೀಟಿಯನ್ನು ಮೂವರು ಬದಲಿಸಿ ಬದಲಿಸಿ ನೋಡಿದರು. ಚೀಟಿಯಲ್ಲಿದ್ದ ವಿಳಾಸವನ್ನು ಬಾಗಿಲ ಮೇಲಿನ ಸಂಖ್ಯೆಯೊಡನೆ ಹೋಲಿಸಲು ಒಬ್ಬ ಎರಡು ಸಲ ಹೋಗಿ ಬಂದ. ಇಪ್ಪತ್ತು ನಿಮಿಷವಾದ ಮೇಲೆ ಕೋಳ ಬಿಚ್ಚಿದರು. ಕಿತ್ತಳೆ ಅಂಗಿಯ ಸಾಲು ಅಷ್ಟು ಹೊತ್ತಿಗೆ ಬೇಲಿಯಾಚೆಗೆ ಸರಿದಿತ್ತು. ಫೋನುಗಳು ಮಾತ್ರ ಇನ್ನೂ ಮೇಲಿದ್ದವು.

ಆಲ್ಡೆನ್‌ನ ಮೈಯೆಲ್ಲ ಉರಿದುಹೋಯಿತು. ಕಂಬಳಿಯನ್ನು ಕೊಡವಿ ಎದ್ದ. ಬೇಲಿಯ ಹತ್ತಿರ ಮಾರ್ಲಿಸ್ ನಿಂತಿದ್ದರು.

"ಒತ್ತೇಬಿಟ್ರಲ್ಲ ನೀವು! ಸಹಿ ಹಾಕಿ, ನನ್ನ ಕೈ ಹಿಡಿದು ಮಾತು ಕೊಟ್ಟು, ಕೊನೆಗೂ ಒತ್ತಿದ್ರಿ! ಇವತ್ತು ಈ ಮನುಷ್ಯ ಸತ್ತಿದ್ರೆ ಆ ಪಾಪ ಯಾರಿಗೆ? ನಾಚಿಕೆ ಆಗ್ಬೇಕು!"

ಜಾನೀನ್ "ಛೆ, ಛೆ" ಎಂದಳು. ಪಾದ್ರಿಗಳು ತಲೆಯಾಡಿಸಿದರು.

"ಸಾರ್," ಎಂದ ಪೊಲೀಸು ಅಧಿಕಾರಿ, "ಆಕೆ ಕರೆದಿಲ್ಲ."

"ಮತ್ಯಾರು?"

ಅಧಿಕಾರಿ ಒಂದು ಸಂಖ್ಯೆ ಓದಿದ. ಆಲ್ಡೆನ್‌ಗೆ ಆ ಸಂಖ್ಯೆ ಬಾಯಿಪಾಠವಿತ್ತು, ಯಾಕೆಂದರೆ ಅದು ಅವನದೇ.

"ನಿಮ್ಮ ಜೇಬಿಂದ ಬಂದ ಕರೆ. ಪಕ್ಕದ ಗುಂಡಿ ಬಹಳ ಹೊತ್ತು ಒತ್ತಿದ್ರೆ ಫೋನು ತಾನೇ ನಮಗೆ ಹಚ್ಚುತ್ತೆ. ಒಂಬತ್ತು ನಿಮಿಷ ಕೇಳಿಸ್ಕೊಂಡಿದ್ದೀವಿ. 'ಕಾಲು ಹಿಡೀರಿ', 'ಆ ಕಬ್ಬಿಣ ತನ್ನಿ', 'ಸತ್ತೆ'. ನೀವೇ ಹೇಳಿ, ಬರದೆ ಇರೋಕಾಗುತ್ತಾ?"

ಒಬ್ಬೊಬ್ಬರೇ ಕಿತ್ತಳೆ ಅಂಗಿ ಕಳಚಿ ಜಾನೀನ್‌ಗೆ ಕೊಟ್ಟು ಮನೆಗೆ ನಡೆದರು. ಕಾರುಗಳೂ ಹೋದವು. ಅಂಗಳದಲ್ಲಿ ಇಬ್ಬರೇ ಉಳಿದರು.

"ಲೂಷಿಯಸ್..."

"ನೀವು ಕೆಟ್ಟವರಲ್ಲ ಆಲ್ಡೆನ್. ನನಗೆ ಗೊತ್ತು." ಬಿವೆನ್ಸ್ ತನ್ನ ಕೈಗಳನ್ನು ಮುಂದೆ ಚಾಚಿದ. ಅವು ನಡುಗುತ್ತಿದ್ದವು. "ಈ ಕೈಲಿ ರಾತ್ರಿಯೆಲ್ಲ ಜನಕ್ಕೆ ಉಸಿರಾಟದ ನಳಿಗೆ ಹಾಕಿ ಬಂದಿದ್ದೀನಿ. ಒಂದು ಸಲಾನೂ ನಡುಗಲಿಲ್ಲ. ಬೆಳಿಗ್ಗೆ ನನಗಿದ್ದದ್ದು ಒಂದು ಕೀಲಿಕೈ ಕಷ್ಟ, ಅಷ್ಟೇ."

"ನಾನು ಏನು ಮಾಡ್ಬೇಕಿತ್ತು, ಹೇಳಿ."

"ಒಂದು ಲೋಟ ಕಾಫಿ ಕೊಟ್ಟು, ನಿಮ್ಮನೆ ಸೋಫಾ ಮೇಲೆ ಮಧ್ಯಾಹ್ನದವರೆಗೆ ಮಲಗೋಕೆ ಬಿಡಬಹುದಿತ್ತು."

ಬಿವೆನ್ಸ್ ಮತ್ತೆ ಕಿಟಕಿಯ ಕಡೆ ಹೋಗದೆ ತನ್ನ ಕಾರಿನಲ್ಲಿ ಕೂತು, ಸೀಟು ಹಿಂದಕ್ಕೊರಗಿಸಿ, ಬಾಗಿಲು ಮುಚ್ಚಿಕೊಂಡ. ಕಣ್ಣು ಮಾತ್ರ ತೆರೆದೇ ಇತ್ತು.

ಆಲ್ಡೆನ್ ಮನೆಗೆ ಬಂದು ಹಜಾರದಲ್ಲಿ ಕುಳಿತ. ಅದೇ ಸೋಫಾ. ನಾಲ್ಕು ಜನ ಮಲಗಬಹುದಾದಷ್ಟು ದೊಡ್ಡದು. ಊಟ ಬೇಕೆನಿಸಲಿಲ್ಲ. ಫೋನನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದ.

ಮಧ್ಯಾಹ್ನ ಮೂರಕ್ಕೆ ಕರೆಗಂಟೆ ಸದ್ದಾಯಿತು. ಮಾರ್ಲಿಸ್! ಕೈಯಲ್ಲಿ ಒಂದು ತಟ್ಟೆ ನಿಂಬೆ ಬಾರ್ ಎಂಬ ಸಿಹಿತಿಂಡಿ. ಆಲ್ಡೆನ್‌ಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಮಾರ್ಲಿಸ್, ಬೆಳಿಗ್ಗೆ ಎಲ್ಲರೆದುರು ನಿಮ್ಮನ್ನ ಬೈದೆ. ದೊಡ್ಡ ಮನಸ್ಸು ಮಾಡಿ..."

"ಅಯ್ಯೋ, ಬಿಡ್ರೀ!" ಆಕೆ ಒಳಗೆ ಬಂದು, ತಟ್ಟೆ ಮೇಜಿನ ಮೇಲಿಟ್ಟು, ಕಣ್ಣು ಹೊಡೆದರು. "ಮೊದಲು ನನಗೂ ಬೇಜಾರಾಯ್ತು. ಆಮೇಲೆ ಹೊಳೀತು ನೋಡಿ. ನೀವೇ ಕರೆದು, ಅನುಮಾನ ಬರದ ಹಾಗೆ ನನ್ನ ಮೇಲೆ ಹಾಕಿದ್ರಿ. ಎಂಥಾ ತಲೆ ನಿಮ್ದು!"

"ಇಲ್ಲ, ನಾನು ಕರೀಲಿಲ್ಲ. ಅದು ಜೇಬಲ್ಲಿ ತಾನಾಗಿ..."

"ಹ್ಞಾಂ, ಜೇಬಲ್ಲಿ! ಯಾರು ಕೇಳಿದ್ರೂ ಹಾಗೇ ಹೇಳಿ. ನಾನಂತೂ ಯಾರ ಹತ್ರಾನೂ ಬಾಯಿ ಬಿಡಲ್ಲ." ದನಿ ತಗ್ಗಿಸಿದರು. "ಎರಡು ವರ್ಷದಿಂದ ನಿಮಗೆ ಹೆದರಿ ನಾವೆಲ್ಲ ಬಾಯಿ ಮುಚ್ಕೊಂಡಿದ್ವಿ. ಸಹಿ ಹಾಕ್ಲಿಲ್ಲ ಅಂದ್ರೆ ಏನಂದ್ಕೋತೀರೋ ಅಂತ. ನಾವು ಒಂದಷ್ಟು ಜನ ಬೇರೇನೇ ಒಂದು ಗುಂಪು ಮಾಡ್ಕೊಂಡಿದ್ದೀವಿ. ಏನಾದ್ರೂ ಕಂಡ್ರೆ ಮೊದಲು ಪೊಲೀಸರಿಗೆ, ಆಮೇಲೆ ನಿಮಗೆ. ಇವತ್ತೊಂದಿನ ನಾನೇ ಆ ನಿಯಮ ತಪ್ಪಿ ಮೊದಲು ನಿಮಗೆ ಹೇಳಿಬಿಟ್ಟೆ. ನೀವೂ ನಮ್ಮೋರೇ ಅಂತ ಗೊತ್ತಿದ್ದಿದ್ರೆ ಯಾವಾಗ್ಲೋ ಸೇರಿಸ್ಕೋತಿದ್ವಿ."

"ಒಂದಷ್ಟು ಜನ ಅಂದ್ರೆ?"

"ನೀವು ಬಂದ್ರೆ ಹತ್ತು."

ಆಲ್ಡೆನ್ ಮನಸ್ಸಿನಲ್ಲೇ ಮನೆಮನೆಗೂ ಹೋಗಿ ಬಂದ. ಹನ್ನೊಂದು ಸಹಿ. ಅದರಲ್ಲಿ ಒಂದು ತನ್ನದು. ಉಳಿದ ಹತ್ತರಲ್ಲಿ ಒಂಬತ್ತು ಆ ಗುಂಪಿನಲ್ಲಿ.

"ಹಾಗಾದ್ರೆ ಸೇರದೆ ಇರೋರು ಪಾದ್ರಿಗಳು ತಾನೆ?" ಎಂದು ಕೇಳಿದ.

"ಛೆ, ಗುಂಪು ಶುರು ಮಾಡಿದ್ದೇ ಅವರು. ಸೇರದೆ ಇರೋಳು ಜಾನೀನ್. ಅವಳು ಒಂಟಿಯಾಗೇ ಪೊಲೀಸರನ್ನ ಕರೀತಾಳಂತೆ, ಗುಂಪು ಗಿಂಪು ಬೇಡವಂತೆ." ಮಾರ್ಲಿಸ್ ತಟ್ಟೆಯನ್ನು ಅವನತ್ತ ಸರಿಸಿದರು. "ತಗೊಳ್ಳಿ, ಇನ್ನೂ ಬಿಸಿ ಇದೆ."